ತೆರೆಯ ಮೇಲಿನ ಪಾಠ, ತರಗತಿಯ ಗುರು

ಮನೆಯಲ್ಲಿ ಅಂತರ್ಜಾಲದ ಮೂಲಕ ಕಲಿಯುವುದನ್ನೂ ಶಾಲೆಯಲ್ಲಿ ಗುರುವಿನ ಸಮ್ಮುಖದಲ್ಲಿ ಕಲಿಯುವುದನ್ನೂ ಒಂದುಗೂಡಿಸುವ ಶಿಕ್ಷಣಕ್ರಮವು ಈಗ ದೊಡ್ಡ ನಗರಗಳನ್ನು ದಾಟಿ ನಮ್ಮ ತಾಲ್ಲೂಕುಗಳ ಶಾಲೆಗಳವರೆಗೂ ಬಂದಿದೆ. ಬಲ್ಲವರು ಇದನ್ನು ಬ್ಲೆಂಡೆಡ್ ಲರ್ನಿಂಗ್ ಎನ್ನುತ್ತಾರೆ. ಸಂಯುಕ್ತ ಶಿಕ್ಷಣವೆಂದು ನಾವು ಕರೆದುಕೊಳ್ಳಬಹುದು. ಇದರ ಮಾತು ಬಂದಾಗಲೆಲ್ಲ ಪಾಲಕರು ಕೇಳುವುದು ಒಂದೇ ಪ್ರಶ್ನೆ: ಮಕ್ಕಳ ಕೈಗೆ ಮೊಬೈಲ್ ಕೊಡಬೇಕೋ ಬೇಡವೋ? ಪ್ರಶ್ನೆ ಸಹಜವಾದುದೇ. ಆದರೆ ಅದಕ್ಕಿಂತ ಮೊದಲು ವಿಚಾರಿಸಬೇಕಾದ ಸಂಗತಿಯೊಂದಿದೆ. ಕಲಿಕೆಯ ಯಾವ ಭಾಗವನ್ನು ಯಂತ್ರಕ್ಕೆ ಒಪ್ಪಿಸಬಹುದು, ಯಾವ ಭಾಗವನ್ನು ಗುರುವಿನಿಂದ ಎಂದಿಗೂ ಕಸಿಯಬಾರದು? ಇದು ಸ್ಪಷ್ಟವಾದರೆ ಮೊಬೈಲಿನ ಪ್ರಶ್ನೆಗೆ ಉತ್ತರವು ತಾನಾಗಿ ದೊರೆಯುತ್ತದೆ.

ದೂರದಿಂದ ಬರುವ ಪಾಠ ನಮ್ಮ ನಾಡಿಗೆ ಹೊಸದೇನಲ್ಲ. 1975ರ ಆಗಸ್ಟಿನಿಂದ 1976ರ ಜುಲೈವರೆಗೆ ಒಂದು ವರ್ಷ ಕಾಲ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನದ ಪಾಠಗಳು ಬಂದವು. ಅವುಗಳಲ್ಲಿ ಅಂದಿನ ವಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಇದ್ದವು. ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ಊರಿನವರಿಗೆ ಕಾರ್ಯಕ್ರಮಗಳು ನಡೆಯುತ್ತಿದ್ದವು. ಅದೇ ಯೋಜನೆಯಲ್ಲಿ ಹತ್ತಾರು ಸಾವಿರ ಪ್ರಾಥಮಿಕ ಶಿಕ್ಷಕರಿಗೆ ವಿಜ್ಞಾನ ಬೋಧನೆಯ ತರಬೇತಿ ದೊರೆಯಿತು. ಆ ತರಬೇತಿಯಲ್ಲಿ ದೂರದರ್ಶನವೊಂದನ್ನೇ ನಂಬಿರಲಿಲ್ಲ. ರೇಡಿಯೋ, ಅಚ್ಚಾದ ಪಾಠ, ಕೈಯಾರೆ ಮಾಡುವ ಪ್ರಯೋಗ ಇವೆಲ್ಲ ಜೊತೆಗೂಡಿದ್ದವು. ಮುಂದೆ 2004ರ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕಾಗಿಯೇ ಎಜುಸ್ಯಾಟ್ ಉಪಗ್ರಹವನ್ನು ಹಾರಿಸಿದಾಗ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳು ಅದರ ಪಾಠಗಳನ್ನು ಪಡೆದವು. 2017ರಲ್ಲಿ ದೀಕ್ಷಾ ವೇದಿಕೆ ಆರಂಭವಾಯಿತು. ಪಠ್ಯಪುಸ್ತಕದಲ್ಲಿ ಅಚ್ಚಾಗಿರುವ ಚೌಕಾಕಾರದ ಕ್ಯೂಆರ್ ಕೋಡಿಗೆ ಮೊಬೈಲನ್ನು ಹಿಡಿದರೆ ಆ ಪಾಠದ ವೀಡಿಯೋ, ಅಭ್ಯಾಸದ ಪ್ರಶ್ನೆಗಳು ತೆರೆದುಕೊಳ್ಳುತ್ತವೆ. ಒಮ್ಮೆ ಇಳಿಸಿಕೊಂಡರೆ ಸಂಪರ್ಕವಿಲ್ಲದ ಊರಿನಲ್ಲಿಯೂ ಅವನ್ನು ನೋಡಬಹುದು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಈ ಸಂಯುಕ್ತ ಕ್ರಮವನ್ನು ಎತ್ತಿಹಿಡಿದಿದೆ. ಮುಖಾಮುಖಿ ಕಲಿಕೆಯ ಮಹತ್ವವನ್ನು ಪೂರ್ಣವಾಗಿ ಒಪ್ಪಿಕೊಂಡೇ, ವಿಷಯಕ್ಕೆ ತಕ್ಕಂತೆ ಬೇರೆ ಬೇರೆ ಮಾದರಿಗಳನ್ನು ಗುರುತಿಸಬೇಕೆಂದು ಅದು ಹೇಳುತ್ತದೆ.

ಈ ಕ್ರಮದ ಒಳಗುಟ್ಟು ಯಂತ್ರದಲ್ಲಿಲ್ಲ, ಅನುಕ್ರಮದಲ್ಲಿದೆ. ಅಮೆರಿಕದ ಕೊಲೊರಾಡೋ ರಾಜ್ಯದ ವುಡ್‌ಲ್ಯಾಂಡ್ ಪಾರ್ಕ್ ಪ್ರೌಢಶಾಲೆಯಲ್ಲಿ ಜೊನಾಥನ್ ಬರ್ಗ್‌ಮನ್, ಆರನ್ ಸ್ಯಾಮ್ಸ್ ಎಂಬ ಇಬ್ಬರು ರಸಾಯನಶಾಸ್ತ್ರದ ಶಿಕ್ಷಕರಿದ್ದರು. ಗೈರುಹಾಜರಾದ ವಿದ್ಯಾರ್ಥಿಗಳಿಗಾಗಿ ಅವರು 2007ರಲ್ಲಿ ತಮ್ಮ ಪಾಠಗಳನ್ನು ಧ್ವನಿಮುದ್ರಿಸಿ ಅಂತರ್ಜಾಲದಲ್ಲಿ ಇರಿಸತೊಡಗಿದರು. ಉಪನ್ಯಾಸವನ್ನು ಕೇಳಲು ಮಕ್ಕಳಿಗೆ ತಮ್ಮ ಅಗತ್ಯವಿಲ್ಲ, ಲೆಕ್ಕ ಬಿಡಿಸುವಾಗ ಎಡವಿದ ಗಳಿಗೆಯಲ್ಲಿಯೇ ತಾವು ಬೇಕಾಗಿರುವುದು ಎಂಬುದು ಕ್ರಮೇಣ ಅವರಿಗೆ ಹೊಳೆಯಿತು. ಪಾಠ ಕೇಳುವುದು ಮನೆಗೆ, ಮನೆಗೆಲಸದ ಲೆಕ್ಕ ಶಾಲೆಗೆ ಎಂದು ಅವರು ಕ್ರಮವನ್ನು ತಿರುವುಮುರುವು ಮಾಡಿದರು. ತಿರುವು ತರಗತಿ ಎಂಬ ಪದ್ಧತಿ ಲೋಕದಲ್ಲಿ ಹರಡಿದ್ದು ಇಲ್ಲಿಂದ.

ಇದನ್ನು ಕೇಳಿದಾಗ ನಮಗೆ ಮಠದ ಪಾಠಶಾಲೆಯ ಕ್ರಮವೇ ನೆನಪಾಗುತ್ತದೆ. ಅಮರಕೋಶವನ್ನೂ ಶಬ್ದರೂಪಗಳನ್ನೂ ಬೆಳಗಿನ ಜಾವ ನಾವೇ ಬಾಯಿಪಾಠ ಮಾಡಿಕೊಂಡು ಬರಬೇಕಾಗಿತ್ತು. ಗುರುಗಳು ತಮ್ಮ ಹೊತ್ತನ್ನು ಅದಕ್ಕಾಗಿ ವ್ಯಯಿಸುತ್ತಿರಲಿಲ್ಲ. ಅವರ ಎದುರು ಕುಳಿತಾಗ ನಡೆಯುತ್ತಿದ್ದುದು ಅರ್ಥದ ವಿಚಾರ, ಶಂಕೆ, ಸಮಾಧಾನ. ಶ್ರವಣ, ಮನನ, ನಿದಿಧ್ಯಾಸನವೆಂದು ನಮ್ಮ ಹಿರಿಯರು ಕಲಿಕೆಗೆ ಮೂರು ಮೆಟ್ಟಿಲುಗಳನ್ನು ಹೇಳಿದರು. ಶ್ರವಣವನ್ನು ಇಂದು ಯಂತ್ರವು ಮಾಡಿಸಬಲ್ಲದು. ನಿಧಾನವಾಗಿ ಗ್ರಹಿಸುವ ಮಗುವಿಗೆ ಹತ್ತು ಸಲ ಬೇಸರವಿಲ್ಲದೆ ಹೇಳಬಲ್ಲದು. ಇದು ಸಣ್ಣ ಉಪಕಾರವಲ್ಲ. ಆದರೆ ಮನನಕ್ಕೆ ಪ್ರಶ್ನೆ ಬೇಕು, ಪ್ರಶ್ನೆಗೆ ಎದುರಿನಲ್ಲೊಬ್ಬರು ಬೇಕು.

ಒಂದು ಉದಾಹರಣೆಯಿಂದ ಇದನ್ನು ನೋಡೋಣ. ಚಂದ್ರನು ಏಕೆ ಬೆಳೆಯುತ್ತಾನೆ, ಏಕೆ ಕ್ಷೀಣಿಸುತ್ತಾನೆ? ಭೂಮಿ, ಚಂದ್ರ, ಸೂರ್ಯರನ್ನು ಹೊರಗಿನಿಂದ ನೋಡಿದಂತೆ ತೋರಿಸಲು ಕಪ್ಪುಹಲಗೆಗಿಂತ ಚಲಿಸುವ ಚಿತ್ರವೇ ಮೇಲು. ಐದು ನಿಮಿಷದ ವೀಡಿಯೋವನ್ನು ಮಗು ಮನೆಯಲ್ಲಿ ನೋಡಲಿ. ಬಳಿಕ ಹದಿನೈದು ದಿನ ಅಂಗಳದಲ್ಲಿ ನಿಂತು ಚಂದ್ರನನ್ನೇ ನೋಡಿ ದಿನವೂ ಆಕಾರವನ್ನು ಬರೆದಿಡಲಿ. ಅಮಾವಾಸ್ಯೆ ಹುಣ್ಣಿಮೆಗಳ ಲೆಕ್ಕ ಬಲ್ಲ ಅಜ್ಜಿ ಇದ್ದರೆ ಆಕೆಯೂ ಈ ಪಾಠದ ಗುರುವೇ. ಹಾಳೆಗಳನ್ನು ಹಿಡಿದು ಮಕ್ಕಳು ತರಗತಿಗೆ ಬಂದಾಗ ಶಿಕ್ಷಕರು ಕೇಳಲಿ: ಚಂದ್ರನ ಒಂದು ಭಾಗ ಕತ್ತಲಾಗಿರುವುದು ಏಕೆ? ಬಹಳ ಮಕ್ಕಳು ಹೇಳುವ ಉತ್ತರ, ಭೂಮಿಯ ನೆರಳು ಬಿದ್ದುದರಿಂದ ಎಂಬುದು. ಅದು ತಪ್ಪು, ಭೂಮಿಯ ನೆರಳು ಬೀಳುವುದು ಗ್ರಹಣದಲ್ಲಿ ಮಾತ್ರ. ಚಂದ್ರನ ಬೆಳಗಿದ ಅರ್ಧದಲ್ಲಿ ನಮಗೆ ಕಾಣುವ ಪಾಲು ದಿನದಿನಕ್ಕೆ ಬದಲಾಗುವುದೇ ಕಲೆಗಳ ಕಾರಣ. ವೀಡಿಯೋವನ್ನು ಪೂರ್ತಿ ನೋಡಿದ ಮಗುವಿನಲ್ಲಿಯೂ ಆ ತಪ್ಪು ಕಲ್ಪನೆ ಅಡಗಿ ಕುಳಿತಿರಬಹುದು. ಕತ್ತಲೆ ಕೋಣೆಯಲ್ಲಿ ಒಂದು ದೀಪವಿಟ್ಟು, ಮಗುವಿನ ಕೈಗೆ ಚೆಂಡು ಕೊಟ್ಟು, ಸುತ್ತ ತಿರುಗಿಸಿ ಆ ಭ್ರಮೆಯನ್ನು ಕಳೆಯುವವನು ಗುರು. ಮಗುವಿನ ಮುಖವನ್ನು ನೋಡಿ ಅರ್ಥವಾಯಿತೋ ಇಲ್ಲವೋ ಎಂದು ತಿಳಿಯುವ ಕಣ್ಣು ಅವನದು.

ಅಮೆರಿಕದ ಶಿಕ್ಷಣ ಇಲಾಖೆಯು 2009ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದಾಗ, ಎರಡೂ ಕೂಡಿದ ಕಲಿಕೆಯು ಬರಿಯ ತರಗತಿಗಿಂತ ಉತ್ತಮ ಫಲ ಕೊಟ್ಟಿತೆಂದು ಕಂಡುಬಂದಿತು. ಇದನ್ನು ಪ್ರಚಾರಕರು ಮತ್ತೆ ಮತ್ತೆ ಉದ್ಧರಿಸುತ್ತಾರೆ. ಆದರೆ ಅದೇ ವರದಿಯ ಎಚ್ಚರಿಕೆಯ ಮಾತನ್ನು ಬಿಟ್ಟುಬಿಡುತ್ತಾರೆ. ಅಂಥ ಕಲಿಕೆಯಲ್ಲಿ ಹೆಚ್ಚಿನ ಸಮಯವೂ ಹೆಚ್ಚಿನ ಸಾಮಗ್ರಿಯೂ ಸೇರಿದ್ದುದರಿಂದ ಲಾಭವು ಮಾಧ್ಯಮದ್ದೇ ಎನ್ನಲಾಗದು, ಶಾಲಾ ಮಕ್ಕಳ ಮೇಲಿನ ಅಧ್ಯಯನಗಳಂತೂ ಬಹು ಕಡಮೆ ಎಂದು ಅದು ಹೇಳಿತ್ತು. ಹೊತ್ತು ಕೊಟ್ಟರೆ ವಿದ್ಯೆ ಬರುತ್ತದೆ ಎಂಬ ಹಳೆಯ ಸತ್ಯವನ್ನು ಯಂತ್ರವು ಬದಲಿಸಿಲ್ಲ.

ಇನ್ನು ಇದರ ಅಪಾಯಗಳು. 2020ರಲ್ಲಿ ಮಹಾಮಾರಿಯಿಂದ ಶಾಲೆಗಳು ಮುಚ್ಚಿದಾಗ ಕರ್ನಾಟಕ ಸರ್ಕಾರವು ವಿದ್ಯಾಗಮ ಎಂಬ ಯೋಜನೆಯನ್ನು ತಂದಿತು. ಅಂತರ್ಜಾಲವಿರುವ ಮೊಬೈಲ್ ಉಳ್ಳವರು, ಸಾಧಾರಣ ಮೊಬೈಲ್ ಮಾತ್ರ ಉಳ್ಳವರು, ಏನೂ ಇಲ್ಲದವರು ಎಂದು ಮಕ್ಕಳನ್ನು ಮೂರಾಗಿ ಗುರುತಿಸಿ ಶಿಕ್ಷಕರು ಊರಿನ ಗುಡಿಯ ಅಂಗಳಗಳಲ್ಲಿ, ಮರದ ನೆರಳಿನಲ್ಲಿ ಪಾಠ ಹೇಳಿದರು. ಒಂದೇ ತರಗತಿಯಲ್ಲಿ ಕುಳಿತವರ ನಡುವೆ ಅಷ್ಟು ಅಂತರವಿದ್ದುದು ಆಗ ಬಯಲಾಯಿತು. 2021ರ ಅಸರ್ ವರದಿಯ ಪ್ರಕಾರ ಗ್ರಾಮೀಣ ಭಾರತದಲ್ಲಿ ಶಾಲೆಗೆ ದಾಖಲಾದ ಮಕ್ಕಳಲ್ಲಿ ಶೇಕಡಾ 67.6ರಷ್ಟು ಮಂದಿಯ ಮನೆಯಲ್ಲಿ ಸ್ಮಾರ್ಟ್‌ಫೋನ್ ಇತ್ತು. ಆದರೆ ಅಂಥ ಮನೆಗಳ ಮಕ್ಕಳಲ್ಲಿ ಕಾಲು ಭಾಗಕ್ಕೂ ಹೆಚ್ಚು ಮಂದಿಗೆ ಅದು ಓದಲು ಸಿಗುತ್ತಲೇ ಇರಲಿಲ್ಲ. ಮನೆಯಲ್ಲಿ ಇರುವುದು ಬೇರೆ, ಮಗುವಿಗೆ ದೊರೆಯುವುದು ಬೇರೆ. ಮೂರನೆಯ ತರಗತಿಯಲ್ಲಿದ್ದು ಎರಡನೆಯ ತರಗತಿಯ ಪಾಠವನ್ನು ಓದಬಲ್ಲ ಮಕ್ಕಳ ಪ್ರಮಾಣವು ಗ್ರಾಮೀಣ ಭಾರತದಲ್ಲಿ 2018ರಲ್ಲಿ ಶೇಕಡಾ 27.3 ಇದ್ದುದು 2022ರಲ್ಲಿ ಶೇಕಡಾ 20.5ಕ್ಕೆ ಇಳಿಯಿತು. ಗುರುವಿನ ಸನ್ನಿಧಿ ತಪ್ಪಿದ ಕಾಲದ ನಷ್ಟವಿದು.

ಒಂದು ಮನೆಯಲ್ಲಿ ಒಂದೇ ಮೊಬೈಲ್ ಇದೆಯೆನ್ನಿ. ತಂದೆ ಹೊಲದಿಂದಲೋ ಅಂಗಡಿಯಿಂದಲೋ ಬರುವುದು ರಾತ್ರಿ ಎಂಟಕ್ಕೆ. ಅಲ್ಲಿಂದ ಅದು ಮೊದಲು ಮಗನ ಕೈಗೆ ಹೋಗುತ್ತದೆ. ಮಗಳು ರೊಟ್ಟಿಗೆ ಹಿಟ್ಟು ನಾದಿ, ಪಾತ್ರೆ ತೊಳೆದು ಬರುವ ವೇಳೆಗೆ ಅದರ ಚಾರ್ಜು ಮುಗಿದಿರುತ್ತದೆ. ಮರುದಿನ ಶಾಲೆಯಲ್ಲಿ ಪಾಠ ನೋಡದವಳೆಂದು ತಲೆ ತಗ್ಗಿಸಿ ನಿಲ್ಲುವವಳು ಆಕೆಯೇ. ಮನೆಯ ವೀಡಿಯೋವನ್ನು ಆಧರಿಸಿ ಪಾಠ ಮಾಡುವ ಶಾಲೆಯು ಈ ಮಗಳನ್ನು ನೆನೆಯದಿದ್ದರೆ ಸಂಯುಕ್ತ ಶಿಕ್ಷಣವೆಂಬ ಹೆಸರೇ ಸುಳ್ಳಾಗುತ್ತದೆ.

ಆದುದರಿಂದ ಶಾಲೆಗಳನ್ನು ನಡೆಸುವ ಆಡಳಿತ ಮಂಡಳಿಯವರಲ್ಲಿ ನಮ್ಮ ವಿಜ್ಞಾಪನೆ ಇಷ್ಟು. ಮನೆಯಲ್ಲಿ ನೋಡಲಾಗದ ಮಕ್ಕಳಿಗೆ ಶಾಲೆಯಲ್ಲಿಯೇ, ಪ್ರಾರ್ಥನೆಗೆ ಮುನ್ನವೋ ಸಂಜೆಯೋ, ಪಾಠ ನೋಡುವ ಏರ್ಪಾಡು ಆಗಬೇಕು. ಶಿಕ್ಷಕರ ಹುದ್ದೆ ಖಾಲಿ ಇರುವುದನ್ನು ಮುಚ್ಚಿಕೊಳ್ಳಲು ಗೋಡೆಗೆ ತೆರೆಯನ್ನು ತೂಗುಹಾಕುವುದು ಶಿಕ್ಷಣವಲ್ಲ. ಬರಿದಾದ ಕುರ್ಚಿಗೆ ಚಿತ್ರಪಟವು ಪರಿಹಾರವಾಗದು. ಇರುವ ಶಿಕ್ಷಕರಿಗೆ ಮೊದಲು ಈ ಕ್ರಮದಲ್ಲಿ ತರಬೇತಿ ಕೊಡಿಸಿ, ಬಳಿಕ ಉಪಕರಣಗಳನ್ನು ಕೊಳ್ಳುವುದು ವಿವೇಕ.

ಪಾಲಕರಿಗೂ ಎರಡು ಮಾತು. ಕೇಂದ್ರ ಸರ್ಕಾರದ ಪ್ರಜ್ಞಾತಾ ಮಾರ್ಗಸೂಚಿಯು 2020ರಲ್ಲಿ, ಒಂದರಿಂದ ಎಂಟನೆಯ ತರಗತಿಯವರಿಗೆ ದಿನಕ್ಕೆ 30ರಿಂದ 45 ನಿಮಿಷಗಳ ಎರಡು ಪಾಠಗಳಿಗಿಂತ ಹೆಚ್ಚು ಬೇಡವೆಂದು ಹೇಳಿತು. ಶಾಲೆಗಳು ಮುಚ್ಚಿದ್ದ ದಿನಗಳಿಗೇ ಅಷ್ಟು ಮಿತಿಯಿದ್ದ ಮೇಲೆ, ದಿನವಿಡೀ ಶಾಲೆಯಲ್ಲಿ ಕುಳಿತು ಬಂದ ಮಗುವಿಗೆ ಮನೆಯಲ್ಲಿ ಇನ್ನೂ ಕಡಮೆಯೇ ಸಾಕು. ಮೊಬೈಲ್ ಪಡಸಾಲೆಯಲ್ಲಿರಲಿ, ಬಾಗಿಲು ಮುಚ್ಚಿದ ಕೋಣೆಯಲ್ಲಿ ಬೇಡ. ಹೊತ್ತು ನಿಶ್ಚಿತವಾಗಿರಲಿ, ಮಗನಿಗೆಷ್ಟೋ ಮಗಳಿಗೂ ಅಷ್ಟೇ ಇರಲಿ. ಪಾಠ ಮುಗಿದ ಮೇಲೆ, ಏನು ನೋಡಿದೆ, ನಿನ್ನ ಮಾತಿನಲ್ಲಿ ನನಗೆ ಹೇಳು ಎಂದು ಕೇಳಿರಿ. ಅಕ್ಷರ ಬಾರದ ತಾಯಿಯೂ ಇದನ್ನು ಕೇಳಬಲ್ಲಳು. ಹೇಳಲು ಬಂದರೆ ಮಗು ಕಲಿತಿದೆ. ತಡವರಿಸಿದರೆ ಆ ಪ್ರಶ್ನೆಯನ್ನು ನಾಳೆ ಗುರುವಿನ ಬಳಿಗೆ ಒಯ್ಯಲಿ.

ಮನೆಯಿಂದ ಪ್ರಶ್ನೆಯೊಂದನ್ನು ಹೊತ್ತು ಮಗು ಶಾಲೆಯ ಮೆಟ್ಟಿಲು ಹತ್ತುವಂತಾದರೆ ತೆರೆಯ ಮೇಲಿನ ಪಾಠವು ತನ್ನ ಕೆಲಸ ಮಾಡಿತೆಂದು ತಿಳಿಯಬೇಕು. ಉಳಿದುದನ್ನು ಗುರುವಿಗೆ ಬಿಡೋಣ. ಆ ಗುರುವು ತರಗತಿಯಲ್ಲಿ ಇರುವಂತೆ ನೋಡಿಕೊಳ್ಳುವುದು ಸಮಾಜವಾದ ನಮ್ಮೆಲ್ಲರ ಹೊಣೆ.