ನಡುವಿನವನೊಬ್ಬನ ಲೆಕ್ಕ

ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಇಂದು ಬೆಂಗಳೂರು, ಪುಣೆ, ಹೈದರಾಬಾದುಗಳ ಕಂಪ್ಯೂಟರ್ ಕಂಪನಿಗಳಲ್ಲಿದ್ದಾರೆ. ಮೊಮ್ಮಗಳಿಗೆ ಲ್ಯಾಪ್‌ಟಾಪ್ ಕೊಳ್ಳುವ ವಿಚಾರ ಬಂದಾಗ ಅವರಲ್ಲೊಬ್ಬ ದೂರವಾಣಿಯಲ್ಲಿ ನನ್ನನ್ನು ಪ್ರೀತಿಯಿಂದಲೇ ಗದರಿಸಿದ: "ಸರ್, ಅಂಗಡಿಗೆ ಯಾಕ ಹೋಗ್ತೀರಿ? ನಡುವಿನವರಿಗೆ ಸುಮ್ಮನೆ ರೊಕ್ಕ ಕೊಡಬ್ಯಾಡ್ರಿ. ಕಂಪನಿ ಕಡಿಂದನೇ ತರಿಸ್ರಿ." ಹೂಂ ಎಂದೆ. ಆದರೆ 'ನಡುವಿನವರು' ಎಂಬ ಆ ಮಾತು ಎರಡು ದಿನ ಮನಸ್ಸಿನಿಂದ ಹೋಗಲಿಲ್ಲ. ಏಕೆಂದರೆ ಆ ನಡುವಿನವನೂ ನನ್ನ ವಿದ್ಯಾರ್ಥಿಯೇ.

2004ರಲ್ಲಿ ನಾನು ಭಾಲ್ಕಿಯಲ್ಲಿದ್ದೆ. ಪ್ರಶ್ನೆಪತ್ರಿಕೆಗಳನ್ನು 'ನುಡಿ'ಯಲ್ಲಿ ಬೆರಳಚ್ಚು ಮಾಡಬೇಕೆಂಬ ಆಸೆ ಹತ್ತಿತ್ತು. ಬಸ್ ನಿಲ್ದಾಣದ ಸಮೀಪ ಹತ್ತಡಿ ಉದ್ದ, ಹತ್ತಡಿ ಅಗಲದ ಕೋಣೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಂಪ್ಯೂಟರ್ ಅಂಗಡಿ ಇಟ್ಟಿದ್ದ. ಅಂಗಡಿಯೆಂದರೂ ಅಲ್ಲಿ ಮಾರಾಟಕ್ಕೆ ಸಿದ್ಧವಾದ ಒಂದು ಕಂಪ್ಯೂಟರೂ ಇರಲಿಲ್ಲ. ಆತ ಬೆಲೆಪಟ್ಟಿಯನ್ನೂ ತೋರಿಸಲಿಲ್ಲ. "ಸರ್, ಇದರ ಮ್ಯಾಲ ನೀವು ಏನೇನ್ ಮಾಡೋರಿದ್ದೀರಿ, ಅದು ಮೊದಲ ಹೇಳ್ರಿ" ಎಂದ. ನಾನು ಹೇಳುತ್ತಾ ಹೋದೆ, ಆತ ಒಂದು ಚೀಟಿಯಲ್ಲಿ ಬರೆಯುತ್ತಾ ಹೋದ. ಅರ್ಧ ಹಣ ಮುಂಗಡ ಪಡೆದು ರೈಲು ಹತ್ತಿ ಸಿಕಂದರಾಬಾದಿಗೆ ಹೋದ. ಪಾರ್ಕ್ ಲೇನಿನ ಚೆನಾಯ್ ಟ್ರೇಡ್ ಸೆಂಟರಿನಲ್ಲಿ ಮದರ್‌ಬೋರ್ಡ್, ಪ್ರೊಸೆಸರ್, ಹಾರ್ಡ್ ಡಿಸ್ಕುಗಳನ್ನು ಬಿಡಿಬಿಡಿಯಾಗಿ ಕೊಂಡು, ಹಳೆಯ ಚಾದರದಲ್ಲಿ ಸುತ್ತಿ ತಂದು, ನನ್ನ ಕಣ್ಣೆದುರೇ ಜೋಡಿಸಿದ. ಬೆಂಗಳೂರಿನವರಿಗೆ ಸದರ್ ಪತ್ರಪ್ಪ ರಸ್ತೆ ಹೇಗೋ, ನಮ್ಮ ಬೀದರ ಕಡೆಯವರಿಗೆ ಅದು ಹಾಗೆ. ಕೊನೆಗೆ 'ನುಡಿ'ಯನ್ನು ಹಾಕಿ, ಒತ್ತಕ್ಷರ ಮೂಡಿಸುವುದನ್ನು ಕಲಿಸಿಯೇ ಎದ್ದ.

ಇದೇ ಪದ್ಧತಿಯನ್ನು ವಾಣಿಜ್ಯದ ಪುಸ್ತಕಗಳು ಅಮೆರಿಕದ ಡೆಲ್ ಕಂಪನಿಯ ಹೆಸರಿನಲ್ಲಿ ಕೊಂಡಾಡುತ್ತವೆ. 1984ರಲ್ಲಿ ಟೆಕ್ಸಾಸಿನ ಆಸ್ಟಿನ್ ನಗರದಲ್ಲಿ ಮೈಕೆಲ್ ಡೆಲ್ ಎಂಬ ಹತ್ತೊಂಬತ್ತರ ವಿದ್ಯಾರ್ಥಿ ಸಾವಿರ ಡಾಲರ್ ಬಂಡವಾಳದಿಂದ ವ್ಯಾಪಾರಕ್ಕಿಳಿದ. ಐಬಿಎಂ, ಕಾಂಪ್ಯಾಕ್‌ನಂಥವರು ಮೊದಲು ತಯಾರಿಸಿ, ವಿತರಕರ ಮೂಲಕ ಅಂಗಡಿಗಳಿಗೆ ತುಂಬುತ್ತಿದ್ದರು. ಈತ ಗಿರಾಕಿಯಿಂದ ದೂರವಾಣಿಯಲ್ಲಿಯೇ ಬೇಡಿಕೆ ಪಡೆದು, ಆಮೇಲೆ ಜೋಡಿಸಿ, ನೇರವಾಗಿ ಕಳುಹಿಸಿದ. 1996ರಿಂದ ಇದೇ ವ್ಯಾಪಾರ ಅಂತರಜಾಲದಲ್ಲಿ ನಡೆಯಿತು. 2001ರ ಹೊತ್ತಿಗೆ ಜಗತ್ತಿನಲ್ಲಿ ಅತಿ ಹೆಚ್ಚು ಪಿಸಿ ಮಾರುವ ಕಂಪನಿ ಅದೇ ಆಯಿತು.

ಇದರ ಗುಟ್ಟು ತಿಳಿಯಲು ಒಂದು ಸಂಗತಿ ಗಮನಿಸಬೇಕು. ಕಂಪ್ಯೂಟರಿನ ಬಿಡಿಭಾಗಗಳು ಅಕ್ಕಿಯ ಮೂಟೆಯಂತೆ ಕೂಡಿಟ್ಟು ಕಾಯುವ ಸರಕಲ್ಲ. ಅವು ಕಾಯಿಪಲ್ಲೆಯಂತೆ. ದಸರೆಗೆ ಕೊಂಡ ಪ್ರೊಸೆಸರಿನ ಬೆಲೆ ಯುಗಾದಿಗೆ ಇಳಿದಿರುತ್ತಿತ್ತು, ಅಷ್ಟರಲ್ಲಿ ಅದಕ್ಕಿಂತ ವೇಗದ್ದೊಂದು ಬಂದಿರುತ್ತಿತ್ತು. ಹೀಗಾಗಿ ಗೋದಾಮಿನಲ್ಲಿ ಮಾಲು ಇಟ್ಟವನಿಗೆ ನಷ್ಟ, ಇಡದವನಿಗೆ ಲಾಭ. ಡೆಲ್ ಕೆಲವೇ ದಿನಗಳಿಗೆ ಸಾಕಾಗುವಷ್ಟು ಮಾಲು ಇಟ್ಟುಕೊಂಡಿತು. ಭಾಲ್ಕಿಯ ನನ್ನ ವಿದ್ಯಾರ್ಥಿ ಅಷ್ಟನ್ನೂ ಇಡಲಿಲ್ಲ, ಇಡುವ ಶಕ್ತಿ ಅವನಿಗಿರಲಿಲ್ಲ. ಬೀದರಿನ ಬಿದ್ರಿ ಕುಶಲಕರ್ಮಿಯೂ ಬೆಳ್ಳಿಯ ಕೆಲಸದ ದೊಡ್ಡ ಹೂದಾನಿಯನ್ನು ಗಿರಾಕಿ ಗೊತ್ತಿಲ್ಲದೆ ಮಾಡಿಡಲು ಹಿಂಜರಿಯುವುದುಂಟು. ಹೇಳಿ ಮಾಡಿಸುವುದು ಇಂಗ್ಲಿಷಿನಿಂದ ನಾವು ಕಲಿತ ವಿದ್ಯೆಯೇನೂ ಅಲ್ಲ.

ಆದರೆ ಇಬ್ಬರ ಲೆಕ್ಕ ಒಂದೇ ಎನ್ನಲಾಗದು. ಡೆಲ್ ಗಿರಾಕಿಯ ಹಣವನ್ನು ಮೊದಲು ಪಡೆದು, ಬಿಡಿಭಾಗ ಕೊಟ್ಟವರಿಗೆ ವಾರಗಳ ನಂತರ ಪಾವತಿ ಮಾಡುತ್ತಿತ್ತು. ಬೇರೆಯವರ ಹಣದಲ್ಲಿಯೇ ವ್ಯಾಪಾರ ಸಾಗುತ್ತಿತ್ತು. ಸರಬರಾಜುದಾರರು ತಮ್ಮ ಮಾಲನ್ನು ಕಾರ್ಖಾನೆಯ ಸಮೀಪ, ತಮ್ಮದೇ ಖರ್ಚಿನಲ್ಲಿ ಇಟ್ಟುಕೊಂಡು ಕಾಯಬೇಕಿತ್ತು. ಗೋದಾಮು ಮಾಯವಾಗಲಿಲ್ಲ, ಇನ್ನೊಬ್ಬರ ಹೆಗಲೇರಿತು. ನನ್ನ ವಿದ್ಯಾರ್ಥಿಗೆ ಸಿಕಂದರಾಬಾದಿನಲ್ಲಿ ಉದ್ರಿ ಕೊಡುವವರು ಯಾರು? ನನ್ನಿಂದ ಅರ್ಧ ಹಣ ಪಡೆದು ಅಲ್ಲಿ ಪೂರ್ತಿ ನಗದು ಎಣಿಸುತ್ತಿದ್ದ. ಉಳಿದರ್ಧವನ್ನು ನಾನು ಸಂಬಳ ಬಂದ ಮೇಲೆ, ಎರಡು ಕಂತಿನಲ್ಲಿ ಕೊಟ್ಟೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಹೆಚ್ಚು ನಾಚಬೇಕಾದ ಸಂಗತಿ ಇನ್ನೊಂದಿದೆ. 2009ರಲ್ಲಿ, ಔರಾದಿಗೆ ವರ್ಗವಾಗಿದ್ದಾಗ, ಲ್ಯಾಪ್‌ಟಾಪ್ ಬೇಕೆನಿಸಿತು. ಬೆಂಗಳೂರಿನ ಅಳಿಯನ ಸಲಹೆಯಂತೆ ಒಂದು ಕಂಪನಿಯಿಂದ ನೇರವಾಗಿ ತರಿಸಿದೆ. ಪರದೆಯ ಮೇಲೆ ಒಂದೊಂದೇ ಭಾಗವನ್ನು ಆರಿಸುವ ಪಟ್ಟಿ. ಪ್ರತಿ ಸಾಲಿನಲ್ಲಿಯೂ ಅಗ್ಗವಾದುದನ್ನೇ ಒತ್ತುತ್ತಾ, ಬಹಳ ಜಾಣತನ ಮಾಡಿದೆನೆಂದು ಹಿಗ್ಗಿದೆ. ಪೂರ್ತಿ ಹಣ ಕೊಟ್ಟು ಹದಿನೈದು ದಿನ ಕಾದೆ. ಔರಾದಿಗೆ ತಮ್ಮ ಸೇವೆಯಿಲ್ಲವೆಂದು ಕೊರಿಯರಿನವರು ಹೇಳಿದ್ದರಿಂದ ಬೀದರಿಗೆ ಹೋಗಿ ಡಬ್ಬಿ ಹೊತ್ತು ತಂದೆ. ಗುಂಡಿ ಒತ್ತಿದರೆ ಕಪ್ಪು ಪರದೆಯ ಮೇಲೆ ಬಿಳಿಯ ಎರಡು ಸಾಲು. 'ಡಾಸ್' ಎಂದಿದ್ದ ಅಗ್ಗದ ಸಾಲನ್ನು ಆರಿಸಿದ್ದೆ. ವಿಂಡೋಸ್ ಇಲ್ಲ, ಹಾಗಾಗಿ 'ನುಡಿ'ಯೂ ಇಲ್ಲ. ಕಂಪನಿಯ ತಪ್ಪೇನೂ ಇಲ್ಲ. ನಾನು ಕೇಳಿದ್ದನ್ನೇ ಕಳುಹಿಸಿತ್ತು.

ಎಲ್ಲಿಗೆ ಹೋದೆನೆಂದು ನೀವು ಊಹಿಸಿರಬಹುದು. ಭಾಲ್ಕಿಯ ಆ ಕೋಣೆಗೇ ಹೋದೆ. ಆತ ಒಂದು ಮಾತೂ ಆಡಲಿಲ್ಲ. ಪರವಾನಗಿಯುಳ್ಳ ಡಿಸ್ಕ್ ತರಿಸಿ, ಎರಡು ತಾಸು ಕುಳಿತು ಎಲ್ಲವನ್ನೂ ಸರಿಮಾಡಿ, ಚಹಾ ಕುಡಿಸಿ, "ಮುಂದಿನ ಸಲ ಒಂದ್ ಫೋನ್ ಮಾಡ್ರಿ ಸರ್" ಎಂದಷ್ಟೇ ಹೇಳಿದ. ಶಾಲೆಯಲ್ಲಿ ನಾನು ಎಷ್ಟೋ ಸಲ ಅವನಿಗೆ ಬೈದಿದ್ದೆ.

ನೇರ ಮಾರಾಟದಲ್ಲಿ ನಡುವಿನವನ ಕಮಿಷನ್ ಉಳಿಯುವುದು ನಿಜ. ಆದರೆ ಅವನು ಮಾಡುತ್ತಿದ್ದ ಕೆಲಸ ಉಳಿದೇ ಇರುತ್ತದೆ, ಅದು ಕೊಳ್ಳುವವನ ತಲೆಗೆ ಬರುತ್ತದೆ. ತನಗೇನು ಬೇಕೆಂದು ಬಲ್ಲವನಿಗೆ ಆ ಪಟ್ಟಿ ವರ, ನನ್ನಂಥವನಿಗೆ ಅದು ಪಾಠ ಓದದೆ ಬರೆದ ಪರೀಕ್ಷೆ. ಡೆಲ್ ಕಂಪನಿಗೂ ಇದು ತಟ್ಟಿತು. ದೊಡ್ಡ ಕಚೇರಿಗಳಲ್ಲಿ ಬೇಕಾದ್ದನ್ನು ಬರೆದು ಕೊಡುವ ತಜ್ಞರಿದ್ದರು. ಮನೆಬಳಕೆಯವರು ಲ್ಯಾಪ್‌ಟಾಪನ್ನು ಕೈಯಲ್ಲಿ ಹಿಡಿದು, ನೋಡಿ, ಕೇಳಿ ಕೊಳ್ಳಬಯಸಿದರು. 2006ರಲ್ಲಿ ಎಚ್‌ಪಿ ಮುಂದೆ ಹೋಯಿತು. 2007ರಲ್ಲಿ ಡೆಲ್ ವಾಲ್‌ಮಾರ್ಟ್ ಅಂಗಡಿಗಳಲ್ಲಿ ಮಾಲಿಟ್ಟಿತು. ಅದೇ ವರ್ಷ ಚೆನ್ನೈ ಸಮೀಪದ ಶ್ರೀಪೆರಂಬುದೂರಿನಲ್ಲಿ ಅದರ ಕಾರ್ಖಾನೆಯೂ ಶುರುವಾಯಿತು. ಮುಂದೆ ನಮ್ಮ ದೇಶದಲ್ಲಿಯೂ ಅಂಗಡಿಗಳ ಮೂಲಕವೇ ಅದು ಮನೆಮನೆಗೆ ತಲುಪಿತು. ನಡುವಿನವನನ್ನು ಬಿಟ್ಟು ಬೆಳೆದ ಕಂಪನಿ ನಡುವಿನವನನ್ನು ಹುಡುಕಿಕೊಂಡು ಬಂತು. ಆದರೆ ಬಂದದ್ದು ಗಾಜಿನ ದೊಡ್ಡ ಅಂಗಡಿಗಳಿಗೆ, ಭಾಲ್ಕಿಯ ಹತ್ತಡಿ ಕೋಣೆಗಲ್ಲ.

ಆ ಕೋಣೆಯಲ್ಲಿ ಈಗ ಹೊಸ ಕಂಪ್ಯೂಟರುಗಳನ್ನು ಜೋಡಿಸುವುದಿಲ್ಲ. ಜೆರಾಕ್ಸ್, ಆನ್‌ಲೈನ್ ಅರ್ಜಿ ತುಂಬುವುದು, ಒಂದಿಷ್ಟು ರಿಪೇರಿ. ಆನ್‌ಲೈನಿನಲ್ಲಿ ತರಿಸಿದ ಯಂತ್ರಗಳನ್ನು ಜನ ತಂದು, ಐದು ನಿಮಿಷದ ಕೆಲಸವೆಂದು ಪುಕ್ಕಟೆಯಾಗಿ ಮಾಡಿಸಿಕೊಂಡು ಹೋಗುತ್ತಾರೆ. ಸಲಹೆಗೆ ಬೆಲೆ ಹಾಕುವ ಪದ್ಧತಿ ನಮ್ಮಲ್ಲಿಲ್ಲ. ಊರಿನಲ್ಲಿರುವ ತಂದೆತಾಯಿಗಳಿಗೆ ದೂರದಿಂದ ತರಿಸಿಕೊಡುವ ಮಕ್ಕಳಲ್ಲಿ ನನ್ನದೊಂದು ಕೋರಿಕೆ. ತರಿಸಿರಿ, ಬೇಡವೆನ್ನುವುದಿಲ್ಲ. ಮೊದಲು ಊರಿನ ಇಂಥವನೊಬ್ಬನನ್ನು ಕೇಳಿರಿ, ಕೇಳಿದ್ದಕ್ಕೆ ಹಣ ಕೊಡಿರಿ.

ಕಳೆದ ವಾರ ಮೊಮ್ಮಗಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಆತನ ತಲೆಗೂದಲು ನರೆತಿದೆ. "ಏನೇನ್ ಮಾಡಾಕಿದ್ದೀವಾ ಇದರ ಮ್ಯಾಲ, ಅದು ಮೊದಲ ಹೇಳು" ಎಂದ. ಅವಳು ಹೇಳಿದ್ದನ್ನು ಚೀಟಿಯಲ್ಲಿ ಬರೆದುಕೊಟ್ಟ. ಆ ಚೀಟಿಯಂತೆಯೇ ಕಂಪನಿಗೆ ಬೇಡಿಕೆ ಕಳುಹಿಸಿದೆವು. ಐದುನೂರು ರೂಪಾಯಿ ಕೊಟ್ಟರೆ ಕೈ ಹಿಂದೆ ಕಟ್ಟಿಕೊಂಡ. ಜೆರಾಕ್ಸ್ ಯಂತ್ರದ ಮೇಲಿಟ್ಟು ಬಂದೆ.