ಹುಚ್ಚನ ಮಾತಿಗೆ ಬೆಲೆಯಿಲ್ಲವೇ?

ಗಾಂಧಿ ಬಜಾರಿನ ಪುಸ್ತಕದಂಗಡಿಗಳಲ್ಲಿ ಅನುವಾದಿತ ಕಾದಂಬರಿಗಳನ್ನು ಹುಡುಕಿ ಕೊಳ್ಳುವ ನಮ್ಮ ಓದುಗರಿಗೆ ಒಂದು ಮಾತು ರೂಢಿಯಾಗಿದೆ: 'ಈ ನಿರೂಪಕ ನಂಬಲರ್ಹನಲ್ಲ.' ಅಮೆರಿಕದ ವಿಮರ್ಶಕ ವೇಯ್ನ್ ಬೂತ್ 1961ರಲ್ಲಿ ಬಳಕೆಗೆ ತಂದ ಪರಿಭಾಷೆ ಇದು. ಕೃತಿಯ ಮೌಲ್ಯಗಳಿಗೂ ನಿರೂಪಕನ ಮಾತಿಗೂ ಹೊಂದಾಣಿಕೆ ಇಲ್ಲದಿರುವುದನ್ನು ಆತ ಹಾಗೆ ಕರೆದ. ನಾವು ಮಾಡಿದ್ದೇನು? ನಿರೂಪಕ ಮಾನಸಿಕ ರೋಗಿ ಎಂದು ಗೊತ್ತಾದರೆ ಸಾಕು, ಅವನು ಹೇಳಿದ್ದೆಲ್ಲ ಭ್ರಮೆ ಎಂದು ತೀರ್ಪು ಕೊಟ್ಟುಬಿಡುತ್ತೇವೆ.

ಕನ್ನಡಕ್ಕೂ ಬಂದಿರುವ ವೈಕಂ ಮುಹಮ್ಮದ್ ಬಷೀರರ 'ಪಾತುಮ್ಮಳ ಆಡು' ಕಾದಂಬರಿಯನ್ನೇ ನೋಡಿ. ಹುಚ್ಚಿಗೆ ಚಿಕಿತ್ಸೆ ಪಡೆಯುತ್ತಿದ್ದಾಗ, 1954ರಲ್ಲಿ ಇದನ್ನು ಬರೆದೆನೆಂದು ಬಷೀರರು ಮುನ್ನುಡಿಯಲ್ಲೇ ಮುಚ್ಚುಮರೆಯಿಲ್ಲದೆ ತಿಳಿಸಿದ್ದಾರೆ. 1959ರಲ್ಲಿ ಅಚ್ಚಾಗುವಾಗಲೂ ಅದನ್ನು ತಿದ್ದಿ ಬರೆಯಲಿಲ್ಲ. ಕಥೆ ಹೇಳುವವರೂ ಅವರೇ. ನೆಮ್ಮದಿಗಾಗಿ ಊರ ಮನೆಗೆ ಬಂದವರ ಸುತ್ತ ಉಮ್ಮ, ತಮ್ಮಂದಿರು, ಮಕ್ಕಳು. ಎಲ್ಲರ ಕಣ್ಣೂ ಅವರ ಹಣದ ಮೇಲೆ. ತಂಗಿ ಪಾತುಮ್ಮಳ ಆಡು ಅವರು ಬರೆದ ಪುಸ್ತಕಗಳನ್ನೇ ತಿಂದುಹಾಕುತ್ತದೆ. ಬಡ ಮುಸ್ಲಿಂ ಮನೆಯೊಂದರ ಕೊರತೆ, ಹಾಲಿನ ಗುಟ್ಟು, ಹೆಂಗಸರ ಜಾಣ್ಮೆ ಎಲ್ಲವೂ ಅಲ್ಲಿವೆ. ಬುದ್ಧಿ ನೆಟ್ಟಗಿರುವ ಎಷ್ಟು ಲೇಖಕರು ಇಷ್ಟನ್ನು ಕಂಡಿದ್ದಾರೆ?

ಕಾಯಿಲೆ ಭ್ರಮೆ ಹುಟ್ಟಿಸುವುದೇ ಇಲ್ಲವೇ ಎಂದು ಕೇಳಬಹುದು. ಹುಟ್ಟಿಸುತ್ತದೆ. ಹಾಗಿದ್ದರೆ ಆಡಿದ ಮಾತನ್ನು ಪರೀಕ್ಷಿಸಿ, ಆಡಿದವನನ್ನೇ ತಳ್ಳಿಹಾಕಬೇಡಿ. ಪ್ರಶ್ನೆ ತಿಳಿದು ಸಮಂಜಸವಾಗಿ ಉತ್ತರಿಸಬಲ್ಲವನಾದರೆ ಹುಚ್ಚನೂ ಸಾಕ್ಷಿ ಹೇಳಬಹುದೆಂದು 1872ರ ಸಾಕ್ಷ್ಯ ಕಾಯ್ದೆಯೇ ಒಪ್ಪಿತ್ತು. ಮಾನಸಿಕ ಕಾಯಿಲೆ ಇದೆ ಎಂಬುದೊಂದರಿಂದಲೇ ಯಾರನ್ನೂ ಬುದ್ಧಿ ಸ್ವಾಧೀನದಲ್ಲಿಲ್ಲದವರೆಂದು ಎಣಿಸುವಂತಿಲ್ಲ ಎನ್ನುತ್ತದೆ 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ. ಕೋರ್ಟು ತೋರಿದಷ್ಟು ಸೌಜನ್ಯವನ್ನು ಸಾಹಿತ್ಯದ ಓದುಗ ತೋರಬಾರದೇ?

ಇದು ಬರೀ ಪುಸ್ತಕದ ಜಗಳವಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾಕ್ಕೆ ಹೆಸರಾದ ಊರಿನಲ್ಲಿ, ಖಾಸಗಿ ಆಶ್ರಯವೊಂದಕ್ಕೆ ಬೆಂಕಿ ಬಿತ್ತು. ಸರಪಳಿಯಲ್ಲಿ ಕಟ್ಟಿಹಾಕಿದ್ದ 28 ಮಾನಸಿಕ ರೋಗಿಗಳು ಸುಟ್ಟು ಸತ್ತರು. ಇವರ ಮಾತಿಗೆ ಅರ್ಥವಿಲ್ಲ ಎಂದು ಮೊದಲೇ ತೀರ್ಮಾನಿಸಿದ್ದರಿಂದಲೇ ಅಲ್ಲವೇ ಸರಪಳಿ ಬಿಗಿಯಲು ಸಾಧ್ಯವಾದದ್ದು? ದರ್ಗಾದ ಹರಕೆಯ ಹೆಸರಿನಲ್ಲಿ ಕಟ್ಟಿಹಾಕುವವರಿಗೂ, 'ನಿಮ್ಹಾನ್ಸ್‌ಗೆ ಸೇರಿಸಿ' ಎಂದು ನಗುವ ಬೆಂಗಳೂರಿಗರಿಗೂ ಏನು ವ್ಯತ್ಯಾಸ? ಇಬ್ಬರೂ ರೋಗಿಯ ಮಾತು ಕೇಳಿಸಿಕೊಳ್ಳುವುದಿಲ್ಲ.

ಕಾದಂಬರಿ ಓದುವುದೆಂದರೆ ಮೊದಲು ಕೇಳಿಸಿಕೊಳ್ಳುವುದು. ಪುಸ್ತಕದೊಳಗಿನ ರೋಗಿಯ ಮಾತನ್ನೇ ಇನ್ನೂರು ಪುಟ ತಾಳ್ಮೆಯಿಂದ ಕೇಳಲಾರದವರು, ಮನೆಯೊಳಗಿನ ರೋಗಿಯ ಮಾತನ್ನು ಕೇಳಿಯಾರೇ?