ಪಿಂಗಾಣಿ ಬ್ರೇಕು, ಬೀಡು ಕಬ್ಬಿಣದ ಬ್ರೇಕು

ನಮ್ಮ ಕೋಡಿಹಳ್ಳಿ ಕಡೆಯ ಹುಡುಗರು ಬೆಂಗಳೂರು–ಮೈಸೂರು ಹೆದ್ದಾರಿಗೆ ಹೋಗಿ ಬಂದರೆ ಈಚೆಗೆ ಕಾರಿನ ಬಣ್ಣ ಹೇಳುವುದಿಲ್ಲ, ಚಕ್ರದೊಳಗಿನ ಬಣ್ಣ ಹೇಳುತ್ತಾರೆ. ಹತ್ತನೇ ತರಗತಿಯ ಹುಡುಗನೊಬ್ಬ ಬಿಡದಿಯ ಹತ್ತಿರ ಒಂದು ಪೋರ್ಷೆ ಕಾರು ನೋಡಿದನಂತೆ. ಚಕ್ರದ ಕಡ್ಡಿಗಳ ಸಂದಿನಲ್ಲಿ ಬ್ರೇಕು ಹಿಡಿಯುವ ಭಾಗ ಅಚ್ಚ ಹಳದಿ. ಅವನ ಮಾವ ಹೇಳಿದರಂತೆ, ಅದು ಸೆರಾಮಿಕ್ ಬ್ರೇಕು, ಬ್ರೇಕಿಗೇ ಏಳೆಂಟು ಲಕ್ಷ ಎಂದು. ಹುಡುಗನ ಪ್ರಶ್ನೆ ಎರಡು. "ಸೆರಾಮಿಕ್ ಅಂದ್ರೆ ಪಿಂಗಾಣಿ ಅಲ್ವಾ ಸಾರ್, ನಮ್ಮನೆ ಬಟ್ಟಲು ಕೈಜಾರಿದರೆ ಚೂರಾಗುತ್ತೆ, ಅದು ಹೆಂಗೆ ಬ್ರೇಕಾಗುತ್ತೆ?" ಇದು ಮೊದಲನೆಯದು. "ಅಷ್ಟು ದುಡ್ಡು ಕೊಟ್ಟರೆ ಕಾರು ಬೇಗ ನಿಲ್ಲುತ್ತಾ?" ಇದು ಎರಡನೆಯದು. ಎರಡನೆಯದೇ ಮೇಲಾದ ಪ್ರಶ್ನೆ. ಆದರೂ ಮೊದಲಿನದನ್ನು ಮೊದಲು ನೋಡೋಣ.

ಬಟ್ಟಲಿನ ಪಿಂಗಾಣಿಯಿಂದ ಯಾರೂ ಬ್ರೇಕು ಮಾಡುವುದಿಲ್ಲ. ಇಂಗಾಲದ ಸಣ್ಣ ಎಳೆಗಳನ್ನು ರಾಳದಂಥ ಅಂಟಿನೊಡನೆ ಕಲೆಸಿ ಅಚ್ಚಿನಲ್ಲಿ ಒತ್ತುತ್ತಾರೆ. ಗಾಳಿ ತಾಗದ ಕುಲುಮೆಯಲ್ಲಿ ಕಾಯಿಸಿದಾಗ ಅಂಟೂ ಇಂಗಾಲವಾಗುತ್ತದೆ, ತಟ್ಟೆಯ ತುಂಬ ಸೂಕ್ಷ್ಮ ರಂಧ್ರಗಳು ಉಳಿಯುತ್ತವೆ. ಆಮೇಲೆ ಕರಗಿದ ಸಿಲಿಕಾನನ್ನು ಅದಕ್ಕೆ ಉಣಿಸುತ್ತಾರೆ. ಸಿಲಿಕಾನ್ ಕರಗುವುದು 1414 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಬತ್ತಿ ಎಣ್ಣೆ ಹೀರಿದಂತೆ ತಟ್ಟೆ ಅದನ್ನು ಹೀರಿಕೊಳ್ಳುತ್ತದೆ. ಇಂಗಾಲವೂ ಸಿಲಿಕಾನೂ ಕೂಡಿ ಸಿಲಿಕಾನ್ ಕಾರ್ಬೈಡ್ ಆಗುತ್ತದೆ. ಕನಕಪುರದ ಸುತ್ತಿನವರಿಗೆ ಈ ವಸ್ತು ಹೊಸದಲ್ಲ. ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಗಳಲ್ಲಿ, ಸಾಣೆ ಚಕ್ರಗಳಲ್ಲಿ ಕಾರ್ಬೊರಂಡಮ್ ಎಂಬ ಹೆಸರಿನಲ್ಲಿ ಇರುವುದು ಇದೇ. ಅಷ್ಟು ಗಟ್ಟಿ. ಗಟ್ಟಿಯಾದದ್ದು ಸಿಡಿಯಬಾರದೆ? ಸಿಡಿಯದಂತೆ ತಡೆಯುವುದೇ ಇಂಗಾಲದ ಎಳೆ. ನಮ್ಮ ಹಿರಿಯರು ಮಣ್ಣಿನ ಗೋಡೆಗೆ ಹುಲ್ಲು ಬೆರೆಸುತ್ತಿದ್ದುದೂ ಬಿರುಕು ಮುಂದೆ ಓಡದಿರಲಿ ಎಂದೇ.

ಈ ವಂಶದ ಹಿರಿಯಣ್ಣ ಇಂಗಾಲವನ್ನು ಇಂಗಾಲದ ಎಳೆಯಿಂದಲೇ ಬಲಪಡಿಸಿದ ವಸ್ತು. 1976ರಲ್ಲಿ ಪ್ರಯಾಣಿಕರನ್ನು ಹೊರಲಾರಂಭಿಸಿದ ಕಾಂಕರ್ಡ್ ವಿಮಾನಕ್ಕೆ ಇಂಗಾಲದ ಬ್ರೇಕುಗಳಿದ್ದವು. 1989ರಲ್ಲಿ ಮೊದಲು ಹಾರಿದ ನಮ್ಮ ಅಗ್ನಿ ಕ್ಷಿಪಣಿಯ ಮೂತಿಗೆ ಶಾಖ ತಡೆಯುವುದೂ ಇಂಥ ವಸ್ತುವೇ. 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲ ಬಾರಿ ಹಾರಿದ ಹಗುರ ಯುದ್ಧವಿಮಾನ, ಈಗಿನ ತೇಜಸ್, ಅದಕ್ಕೆ ಬೇಕಾದ ಇಂಗಾಲದ ಬ್ರೇಕು ತಟ್ಟೆಗಳನ್ನು ನಮ್ಮ ರಕ್ಷಣಾ ಸಂಶೋಧನಾ ಸಂಸ್ಥೆಯವರೇ ರೂಪಿಸಿದರು. ಕಾರಿನ ಕಡೆ ನೋಡಿದರೆ, ಪೋರ್ಷೆಯವರು ತಮ್ಮ 911 ಜಿಟಿ2 ಕಾರಿಗೆ ಸಿಲಿಕಾನ್ ಬೆರೆತ ಸೆರಾಮಿಕ್ ತಟ್ಟೆ ಹಾಕಿ ಕೊಟ್ಟದ್ದು 2001ರಲ್ಲಿ. ಹಳದಿ ಬಣ್ಣ ಅವರ ಗುರುತು, ಅದರಲ್ಲಿ ವಿಜ್ಞಾನವೇನೂ ಇಲ್ಲ.

ಈಗ ಎರಡನೆಯ ಪ್ರಶ್ನೆ. ಬೇಗ ನಿಲ್ಲುತ್ತದೆಯೆ? ಇಲ್ಲ. ಒಂದೇ ಸಲ ಜೋರಾಗಿ ಬ್ರೇಕು ಹಾಕಿ ನಿಲ್ಲಿಸುವುದಾದರೆ ಬೀಡು ಕಬ್ಬಿಣದ ಬ್ರೇಕಿನ ಕಾರೂ ಪಿಂಗಾಣಿ ಬ್ರೇಕಿನ ಕಾರೂ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ನಿಲ್ಲುತ್ತವೆ. ನಂಬಿಕೆ ಬಾರದಿದ್ದರೆ ಲೆಕ್ಕ ಹಾಕಿ. ಬ್ರೇಕು ಹಿಡಿಯುವುದು ಚಕ್ರವನ್ನು ಮಾತ್ರ. ಕಾರನ್ನು ನಿಲ್ಲಿಸುವುದು ರಸ್ತೆ. ಟೈರಿಗೂ ರಸ್ತೆಗೂ ನಡುವಿನ ಘರ್ಷಣೆ ಎಷ್ಟು ಕೊಡಬಲ್ಲುದೋ ಅದಕ್ಕಿಂತ ಹೆಚ್ಚು ಹಿಡಿತ ಯಾವ ಬ್ರೇಕಿನಿಂದಲೂ ಹುಟ್ಟುವುದಿಲ್ಲ. ಒಳ್ಳೆಯ ಒಣ ಡಾಂಬರು ರಸ್ತೆಯಲ್ಲಿ ಘರ್ಷಣಾಂಕ 0.8 ಎಂದಿಟ್ಟುಕೊಳ್ಳಿ. ವೇಗದ ವರ್ಗವನ್ನು ಘರ್ಷಣಾಂಕ ಮತ್ತು ಗುರುತ್ವದ ಗುಣಲಬ್ಧದ ಎರಡರಷ್ಟರಿಂದ ಭಾಗಿಸಿದರೆ ನಿಲ್ಲುವ ದೂರ ಸಿಗುತ್ತದೆ. ಗಂಟೆಗೆ 100 ಕಿ.ಮೀ. ಎಂದರೆ ಸೆಕೆಂಡಿಗೆ 27.8 ಮೀಟರ್. ಉತ್ತರ ಸುಮಾರು 49 ಮೀಟರ್. ಮಳೆ ಬಿದ್ದು ಘರ್ಷಣಾಂಕ 0.4ಕ್ಕೆ ಇಳಿದರೆ 98 ಮೀಟರ್. ಸೂತ್ರದಲ್ಲಿ ತಟ್ಟೆ ಯಾವ ಲೋಹದ್ದು ಎಂಬ ಅಕ್ಷರ ಎಲ್ಲಿಯೂ ಇಲ್ಲ, ನೋಡಿ. ಕಾರಿನ ತೂಕ ಕೂಡ ಇಲ್ಲ. ಜೊತೆಗೆ ಕಣ್ಣು ಕಂಡು ಕಾಲು ಒತ್ತುವಷ್ಟರಲ್ಲಿ ಒಂದು ಸೆಕೆಂಡ್ ಹೋದರೆ 28 ಮೀಟರ್ ಆಗಲೇ ಹೋಗಿರುತ್ತದೆ. ಆ ಒಂದು ಸೆಕೆಂಡನ್ನು ಏಳೆಂಟು ಲಕ್ಷ ಕೊಟ್ಟು ಕೊಳ್ಳಲು ಬಾರದು.

ಹಾಗಾದರೆ ಯಾತಕ್ಕೆ? ಶಾಖಕ್ಕೆ. 1500 ಕಿಲೋ ತೂಕದ ಕಾರು ಗಂಟೆಗೆ 100 ಕಿ.ಮೀ. ವೇಗದಲ್ಲಿದ್ದರೆ ಅದರ ಚಲನಶಕ್ತಿ 5.8 ಲಕ್ಷ ಜೌಲ್. ನಿಂತಾಗ ಅದೆಲ್ಲ ಬಹುಪಾಲು ಬ್ರೇಕಿನ ಶಾಖ. ನಾಲ್ಕೂ ಕಬ್ಬಿಣದ ತಟ್ಟೆ ಸೇರಿ 32 ಕಿಲೋ ಎನ್ನಿ, ತಾಪ ಏರುವುದು ಬರೀ 40 ಡಿಗ್ರಿ. ಗಂಟೆಗೆ 200 ಕಿ.ಮೀ.ನಿಂದ ನಿಲ್ಲಿಸಿದರೆ ನಾಲ್ಕರಷ್ಟು, 160 ಡಿಗ್ರಿ. ಒಮ್ಮೆ ನಿಲ್ಲಿಸಿ ಮನೆಗೆ ಹೋಗುವವರಿಗೆ ಇದು ತಮಾಷೆ. ಆದರೆ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈಯಂಥ ಪಂದ್ಯದ ಹಾದಿಯಲ್ಲಿ ಪ್ರತಿ ತಿರುವಿಗೂ ಬ್ರೇಕು, ಆರುವ ಮೊದಲೇ ಮತ್ತೊಂದು ಬ್ರೇಕು. ಅಲ್ಲಿ ತಟ್ಟೆ ಕೆಂಪಗಾಗುತ್ತದೆ, ಹಿಡಿತ ಸಡಿಲುತ್ತದೆ. ಸೆರಾಮಿಕ್ ತಟ್ಟೆ ಅಂಥ ಬಿಸಿಯಲ್ಲೂ ಬಾಗದೆ ಹಿಡಿಯುತ್ತದೆ. ತೂಕವೂ ಕಬ್ಬಿಣದ್ದರಲ್ಲಿ ಸುಮಾರು ಅರ್ಧ, ಹೀಗಾಗಿ ಚಕ್ರ ಹಗುರವಾಗಿ ಉಬ್ಬುತಗ್ಗಿಗೆ ಬೇಗ ಹೊಂದಿಕೊಳ್ಳುತ್ತದೆ. ತುಕ್ಕಿಲ್ಲ, ಚಕ್ರಕ್ಕೆ ಕರಿ ದೂಳು ಮೆತ್ತುವುದಿಲ್ಲ. ಇವು ನಿಜವಾದ ಗುಣಗಳೇ.

ಆದರೂ ಒಂದು ವಿಚಿತ್ರ ಕೇಳಿ. ರಸ್ತೆಯಲ್ಲೇ ಓಡಿಸುವವರಿಗೆ ಸೆರಾಮಿಕ್ ತಟ್ಟೆ ಕಾರಿನ ಆಯುಷ್ಯದಷ್ಟು ಬಾಳಬಹುದು, ಆದರೆ ಅವರಿಗೆ ಅದರ ಅಗತ್ಯವಿಲ್ಲ. ಪಂದ್ಯದ ಹಾದಿಯಲ್ಲಿ ಓಡಿಸುವವರಿಗೆ ಅಗತ್ಯವಿದೆ, ಆದರೆ ಅಲ್ಲಿನ ಶಾಖದಲ್ಲಿ ಗಾಳಿಯ ಆಮ್ಲಜನಕ ಇಂಗಾಲದ ಎಳೆಯನ್ನು ಮೆಲ್ಲಗೆ ತಿನ್ನುತ್ತದೆ, ತಟ್ಟೆ ಬೇಗ ಸವೆಯುತ್ತದೆ. ಹೊಸದಕ್ಕೆ ಮತ್ತೆ ಲಕ್ಷಗಟ್ಟಲೆ. ಅದಕ್ಕೇ ಪರದೇಶಗಳಲ್ಲಿ ಎಷ್ಟೋ ಜನ ಪಂದ್ಯದ ಹಾದಿಗೆ ಹೋಗುವ ಮೊದಲು ಸೆರಾಮಿಕ್ ಬಿಚ್ಚಿಟ್ಟು ಕಬ್ಬಿಣದ ತಟ್ಟೆ ಹಾಕಿಕೊಳ್ಳುತ್ತಾರೆ! ಚಕ್ರ ಬಿಚ್ಚುವಾಗ ರಿಮ್ಮು ತಗುಲಿ ಅಂಚು ಎಗರಿದರೂ ತಟ್ಟೆ ಹೋದಂತೆಯೇ. ನಮ್ಮ ಪಂಕ್ಚರ್ ಅಂಗಡಿಗಳ ಸುತ್ತಿಗೆ ನೆನೆದರೆ ಹೆದರಿಕೆಯಾಗುತ್ತದೆ. ಹೆದ್ದಾರಿಯಲ್ಲಿ ಮಿತಿ ಗಂಟೆಗೆ 100 ಕಿ.ಮೀ. ಇರುವಾಗ ಈ ಬ್ರೇಕು ಕೊಳ್ಳುವುದು ಅಂದಕ್ಕೆ ಎಂದರೆ ಒಪ್ಪುತ್ತೇನೆ, ಸುರಕ್ಷತೆಗೆ ಎಂದರೆ ಒಪ್ಪುವುದಿಲ್ಲ.

ವಿಮಾನದ ಮಾತು ಬೇರೆ. ಒಂಬತ್ತು ಟನ್ ತೂಕದ ವಿಮಾನ ಗಂಟೆಗೆ 250 ಕಿ.ಮೀ. ವೇಗದಲ್ಲಿ ನೆಲ ಮುಟ್ಟಿತು ಎಂದುಕೊಳ್ಳಿ. ಎರಡು ಕೋಟಿ ಜೌಲಿಗೂ ಮೇಲೆ, ನಮ್ಮ ಕಾರಿನ 37 ಪಟ್ಟು. ಅಲ್ಲಿ ಒಂದೊಂದು ಕಿಲೋ ಉಳಿದರೂ ಇಂಧನವೋ ಆಯುಧವೋ ಹೊರಬಹುದು. ಅಲ್ಲಿ ಲಕ್ಷಕ್ಕೆ ಬೆಲೆ ಉಂಟು.

ನೆಲದ ಮೇಲೆ ಶಾಖ ಹುಡುಕಬೇಕಾದರೆ ಪೋರ್ಷೆ ಬೇಡ, ಚಾರ್ಮಾಡಿ, ಆಗುಂಬೆ, ಶಿರಾಡಿ ಘಾಟಿ ಇಳಿಯುವ ಬಸ್ಸು ನೋಡಿ. 15 ಟನ್ ತೂಕದ ಬಸ್ಸು 500 ಮೀಟರ್ ಎತ್ತರ ಇಳಿಯಿತು ಎನ್ನಿ. ಏಳು ಕೋಟಿ 35 ಲಕ್ಷ ಜೌಲ್. 230 ಲೀಟರ್ ನೀರನ್ನು ಕುದಿಯುವಂತೆ ಮಾಡಲು ಅಷ್ಟು ಸಾಕು, ಮದುವೆ ಮನೆಯ ಹಂಡೆಗಳೇ ಬೇಕು. ಅದನ್ನೆಲ್ಲ ಬ್ರೇಕೇ ನುಂಗಿದರೆ ಡ್ರಮ್ಮು ಕಾದು ಹಿಗ್ಗಿ ಒಳಗಿನ ಪಟ್ಟಿಯಿಂದ ದೂರ ಸರಿಯುತ್ತದೆ, ಪೆಡಲು ಒತ್ತಿದಷ್ಟೂ ಹೋಗುತ್ತದೆ. ಹತ್ತಿದ ಗೇರಿನಲ್ಲೇ ಇಳಿಯಬೇಕೆಂದು ಹಳೆಯ ಚಾಲಕರು ಹೇಳುವುದು ಇದಕ್ಕೇ. ಇಂಜಿನ್ನು ಹಿಡಿದೆಳೆದರೆ ಶಾಖ ಇಂಜಿನ್ನಿನ ಮೂಲಕ ಗಾಳಿಗೆ ಹೋಗುತ್ತದೆ. ಈ ಉಪಾಯಕ್ಕೆ ಖರ್ಚೇ ಇಲ್ಲ.

ಕಾರಿನವರಿಗೆ ಇನ್ನೊಂದು ಮಾತು. ಬ್ರೇಕು ದ್ರವ ಗಾಳಿಯ ತೇವವನ್ನು ಹೀರುತ್ತಲೇ ಇರುತ್ತದೆ. ಡಾಟ್ 3 ಎಂದು ಗುರುತಿರುವ ದ್ರವ ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು, ನೀರು ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4 ಆದರೆ 230 ಮತ್ತು 155. ಕುದಿದರೆ ಕೊಳವೆಯಲ್ಲಿ ಆವಿಯ ಗುಳ್ಳೆ. ದ್ರವ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಕಾಲಿನ ಒತ್ತಡ ಗುಳ್ಳೆಗೇ ಖರ್ಚಾಗಿ ಚಕ್ರಕ್ಕೆ ಮುಟ್ಟುವುದೇ ಇಲ್ಲ. ಎರಡು ವರ್ಷಕ್ಕೊಮ್ಮೆ ದ್ರವ ಬದಲಿಸಲು ಕೆಲವು ನೂರು ರೂಪಾಯಿ. ನನ್ನನ್ನು ಕೇಳಿದರೆ ಮೊದಲು ಇದು, ಆಮೇಲೆ ಟೈರು, ಹಳದಿ ಬಣ್ಣ ಬೇಕಿದ್ದರೆ ಕಟ್ಟಕಡೆಗೆ.

ಇನ್ನು ತಂದೆತಾಯಿಗಳ ವಿಚಾರಕ್ಕೆ ಬರುತ್ತೇನೆ. ನಮ್ಮಲ್ಲಿ ಪೋರ್ಷೆ ಕೊಳ್ಳುವವರು ಯಾರೂ ಇಲ್ಲ. ಆದರೆ ಅದೇ ವಾರ ರೇಷ್ಮೆ ಬೆಳೆಯುವ ಒಬ್ಬರು ಕೇಳಿದರು, "ಮೇಷ್ಟ್ರೇ, ಮಗ ಕನಕಪುರದ ಕಾಲೇಜಿಗೆ ಹೋಗ್ತಾನೆ, ಬೈಕು ಬೇಕಂತೆ. ಎಬಿಎಸ್ ಅಂತ ಜಾಸ್ತಿ ದುಡ್ಡು ಕೇಳ್ತಾರೆ. ಅದೂ ಬರೀ ಬಣ್ಣವೋ?" ರಾಮನಗರದ ಮಾರುಕಟ್ಟೆಗೆ ಗೂಡು ಹಾಕಿ ಕೂಡಿಸಿದ ದುಡ್ಡು ಅದು, ಕೇಳುವುದು ನ್ಯಾಯವೇ. ಅದು ಬಣ್ಣವಲ್ಲ. ಉರುಳುವ ಚಕ್ರ ಹಿಡಿದು ನಿಂತು ಜಾರತೊಡಗಿದರೆ ಹಿಡಿತವೂ ಹೋಯಿತು, ತಿರುಗಿಸುವ ಅವಕಾಶವೂ ಹೋಯಿತು. ಎಬಿಎಸ್ ಚಕ್ರ ನಿಲ್ಲುವ ಹೊತ್ತಿಗೆ ಬ್ರೇಕನ್ನು ಕ್ಷಣಮಾತ್ರ ಸಡಿಲಿಸಿ ಮತ್ತೆ ಹಿಡಿಯುತ್ತದೆ, ಸೆಕೆಂಡಿಗೆ ಹಲವು ಸಲ. ಮರಳು ಚೆಲ್ಲಿದ ರಸ್ತೆಯಲ್ಲಿ, ಮೊದಲ ಮಳೆಯಲ್ಲಿ, ನಾಯಿ ಅಡ್ಡ ಬಂದಾಗ ಹುಡುಗ ಹೆದರಿ ಪೂರ್ತಿ ಹಿಡಿದರೂ ಮುಂದಿನ ಚಕ್ರ ಜಾರುವುದು ಬಹಳ ಮಟ್ಟಿಗೆ ತಪ್ಪುತ್ತದೆ. 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ಮೇಲಿನ ಹೊಸ ಬೈಕುಗಳಿಗೆ ಇದು ಕಡ್ಡಾಯವಾಯಿತು. ಹಳೆಯ ಬೈಕು ಕೊಳ್ಳುವವರು ಇದೆಯೋ ಇಲ್ಲವೋ ಕೇಳಿ ಕೊಳ್ಳಿ. ಕೊಡುವ ಹೆಚ್ಚಿನ ದುಡ್ಡಿಗೆ ಬೆಲೆ ಇರುವುದು ಇಲ್ಲಿ.

ಹಾಗೆಯೇ ನಮ್ಮಲ್ಲಿ ಒಂದು ಮಾತುಂಟು, ಮುಂದಿನ ಬ್ರೇಕು ಮುಟ್ಟಬೇಡ, ಎತ್ತಿ ಹಾಕುತ್ತದೆ ಎಂದು. ಅಪ್ಪಂದಿರೇ ಮಕ್ಕಳಿಗೆ ಕಲಿಸುತ್ತಾರೆ. ಬ್ರೇಕು ಹಿಡಿದಾಗ ಭಾರ ಮುಂದಕ್ಕೆ ವಾಲುತ್ತದೆ, ಮುಂದಿನ ಟೈರು ನೆಲವನ್ನು ಒತ್ತಿ ಹಿಡಿಯುತ್ತದೆ, ಹಿಂದಿನದು ಹಗುರವಾಗುತ್ತದೆ. ನಿಲ್ಲಿಸುವ ಕೆಲಸದ ಹೆಚ್ಚು ಪಾಲು ಮುಂದಿನದೇ. ಗಂಟೆಗೆ 60 ಕಿ.ಮೀ.ನಲ್ಲಿ ಎರಡನ್ನೂ ಹದವಾಗಿ ಹಿಡಿದರೆ ಸುಮಾರು 20 ಮೀಟರಿಗೆ ನಿಲ್ಲುವ ಬೈಕು ಹಿಂದಿನದೊಂದನ್ನೇ ಹಿಡಿದರೆ ಅದರ ಎರಡರಷ್ಟು ದೂರ ಹೋಗಬಹುದು. ಒಮ್ಮೆಲೆ ಹಿಂಡದೆ, ಗಾಡಿ ನೆಟ್ಟಗಿರುವಾಗ, ಎರಡನ್ನೂ ಒಟ್ಟಿಗೆ ಒತ್ತಿ ಬಿಗಿ ಮಾಡುವುದನ್ನು ಖಾಲಿ ಮೈದಾನದಲ್ಲಿ ಕಲಿಸಿ.

ವಿದ್ಯಾರ್ಥಿಗಳಿಗೆ ಒಂದು ಪ್ರಯೋಗ. ರಸ್ತೆಯಲ್ಲಲ್ಲ, ಶಾಲೆಯ ಮೈದಾನದಲ್ಲಿ ಸುಣ್ಣದಿಂದ 10 ಮೀಟರ್ ಗುರುತು ಹಾಕಿ. ಸೈಕಲ್ಲಿನಲ್ಲಿ ಆ ದೂರವನ್ನು ಮೊದಲು 4 ಸೆಕೆಂಡಿನಲ್ಲಿ, ಆಮೇಲೆ 2 ಸೆಕೆಂಡಿನಲ್ಲಿ ದಾಟಿ, ಗೆರೆ ಮುಟ್ಟಿದ ಕೂಡಲೇ ಬ್ರೇಕು ಹಿಡಿದು ನಿಂತ ದೂರ ಅಳೆಯಿರಿ. ವೇಗ ಎರಡರಷ್ಟಾದರೆ ದೂರ ಎಷ್ಟರಷ್ಟಾಯಿತು? ಬಳಿಕ ಕ್ಯಾರಿಯರ್ ಮೇಲೆ ಗೆಳೆಯನನ್ನು ಕೂರಿಸಿ ಮೆಲ್ಲನೆಯ ವೇಗದಲ್ಲಿ ಮಾತ್ರ ಮತ್ತೊಮ್ಮೆ ನೋಡಿ. ಸೂತ್ರದಲ್ಲಿ ತೂಕವಿಲ್ಲ ಎಂದೆ. ಆದರೂ ದೂರ ಹೆಚ್ಚಿದರೆ ಅದೇಕೆ? ಚಕ್ರ ಜಾರಿತೇ, ಉರುಳುತ್ತಲೇ ನಿಂತಿತೇ ಎಂಬುದನ್ನು ಗಮನಿಸಿ, ನಿಮ್ಮ ಅಳತೆಗಳನ್ನು ಬರೆದು ಕಳಿಸಿ.